ಪ್ರಿಂಟರಿನ ವಿಳಾಸ ಪದೇ ಪದೇ ಬದಲಾದರೆ

ಆಫೀಸಿನ ಪ್ರಿಂಟರ್ ನಿನ್ನೆ ಚೆನ್ನಾಗಿದ್ದು ಇವತ್ತು ಆಫ್‌ಲೈನ್ ಅನ್ನುತ್ತಿದೆಯೇ? ಡ್ರೈವರ್ ಕಿತ್ತುಹಾಕುವ ಮೊದಲು ಅದರ ಐಪಿ ವಿಳಾಸ ನೋಡಿ. 169.254 ಎಂದು ಶುರುವಾಗಿದ್ದರೆ ವಿಳಾಸ ಹಂಚುವ ಡಿಎಚ್‌ಸಿಪಿ ಸರ್ವರ್‌ನಿಂದ ಉತ್ತರವೇ ಬಂದಿಲ್ಲ. ಕೇಬಲ್, ಸ್ವಿಚ್ಚಿನ ಪೋರ್ಟು ಪರೀಕ್ಷಿಸಿ.

ಉಳಿದದ್ದೆಲ್ಲ 192.168.10 ಆಗಿದ್ದು ಇದೊಂದೇ 192.168.0 ಎಂದಿದ್ದರೆ, ಯಾರೋ ವೈಫೈಗೆಂದು ಮನೆಯ ರೂಟರ್ ತಂದು ಸಿಕ್ಕಿಸಿರಬಹುದು. ಅದೂ ವಿಳಾಸ ಹಂಚುತ್ತದೆ. ಸಾಮಾನ್ಯವಾಗಿ ಯಾವುದು ಮೊದಲು ಉತ್ತರಿಸಿತೋ ಅದರ ಮಾತೇ ನಡೆಯುತ್ತದೆ. ನಮ್ಮಲ್ಲಿ ಅಂಥದ್ದೊಂದು ಮೇಜಿನ ಕೆಳಗೆ, ಹಳೇ ಫೈಲುಗಳ ಹಿಂದೆ ಹಸಿರು ದೀಪ ಮಿನುಗಿಸುತ್ತಾ ಕೂತಿತ್ತು. ಹುಡುಕಲು ಎರಡು ದಿನ ಹಿಡಿಯಿತು. ಸ್ವಿಚ್ಚಿನ ಮ್ಯಾಕ್ ಪಟ್ಟಿ ನೋಡಿದ್ದರೆ ಪೋರ್ಟು ಯಾವುದೆಂದು ಆಗಲೇ ಸಿಗುತ್ತಿತ್ತು.

ಪ್ರಿಂಟರಿನಲ್ಲೇ ವಿಳಾಸ ಬರೆದು ಕೂರಿಸಬೇಡಿ, ಅದೇ ಸಂಖ್ಯೆ ನಾಳೆ ಯಾರದೋ ಲ್ಯಾಪ್‌ಟಾಪಿಗೂ ಹೋದೀತು. ಪ್ರಿಂಟರಿನ ಮ್ಯಾಕ್ ಸಂಖ್ಯೆ ಬರೆದುಕೊಂಡು ಡಿಎಚ್‌ಸಿಪಿ ಸರ್ವರಿನಲ್ಲೇ ವಿಳಾಸ ಕಾಯ್ದಿರಿಸಿ.