ಅವಧಿಗೆ ಮುಂಚೆ ಬಂದ ಮಗು

37 ವಾರ ತುಂಬುವ ಮೊದಲೇ ಹುಟ್ಟಿದ ಮಗುವನ್ನು ತೀವ್ರ ನಿಗಾ ಘಟಕಕ್ಕೆ ಒಯ್ದಾಗ, ಇನ್ನು ತಮ್ಮಿಂದ ಆಗುವುದೇನೂ ಇಲ್ಲವೆಂದು ಹೆತ್ತವರು ಹೊರಗಿನ ಬೆಂಚಿನಲ್ಲಿ ಕುಸಿಯುವುದುಂಟು. ಆದರೆ ಅವರಿಂದಲೇ ಆಗಬೇಕಾದ ಕೆಲಸವಿದೆ.

ಕೊಲಂಬಿಯಾದ ಬೊಗೋಟಾದಲ್ಲಿ 1978ರಲ್ಲಿ ಇನ್‌ಕ್ಯುಬೇಟರುಗಳು ಸಾಲದಾದಾಗ ಡಾ. ಎಡ್ಗರ್ ರೇ ಇಂಥ ಶಿಶುಗಳನ್ನು ತಾಯಂದಿರ ಬರಿಯೆದೆಗೆ ಅವಚಿ ಕಟ್ಟಿಸಿದರು. ತಾಯಿಯ ಮೈಶಾಖವೇ ಮಗುವನ್ನು ಕಾಯಿತು. ಬಡವರ ಉಪಾಯವೆಂದು ಕಂಡ ಈ ‘ಕಾಂಗರೂ ಆರೈಕೆ’ಯನ್ನು ಹುಟ್ಟಿದ ಕೂಡಲೇ ಆರಂಭಿಸಿರೆಂದು ವಿಶ್ವ ಆರೋಗ್ಯ ಸಂಸ್ಥೆಯೇ 2022ರಲ್ಲಿ ಶಿಫಾರಸು ಮಾಡಿತು. ಉಸಿರಾಟಕ್ಕೆ ಯಂತ್ರ ಬೇಕಾದ ಶಿಶುಗಳ ವಿಷಯ ಬೇರೆ. ಅಲ್ಲಿ ವೈದ್ಯರ ಮಾತೇ ಅಂತಿಮ. ಉಳಿದಂತೆ, ‘ಎದೆಗಪ್ಪಿಕೊಳ್ಳಬಹುದೇ?’ ಎಂದು ನೀವಾಗಿಯೇ ಕೇಳಿರಿ. ತಂದೆಯ ಎದೆಯೂ ಆದೀತು!

ಮಗು ಚೀಪಲಾರದಿದ್ದರೆ ತಾಯಿ ಹಾಲು ಹಿಂಡಿ ಕೊಡಲಿ, ಹಗಲಿರುಳು ಸೇರಿ ಎಂಟು ಬಾರಿಯಾದರೂ. ಕೆಲವೇ ಹನಿ ಬಂದರೂ ಚೆಲ್ಲಬೇಡಿ, ನಳಿಕೆಯಿಂದ ಉಣಿಸುತ್ತಾರೆ. ನೋಡಲು ಬರುವ ನೆಂಟರು ಮಾತ್ರ ‘ಏನು ತಿಂದೆ, ಏನು ಎತ್ತಿದೆ’ ಎಂದು ಬಾಣಂತಿಯನ್ನು ವಿಚಾರಣೆಗೆ ನಿಲ್ಲಿಸದಿರಲಿ.