142 ಪಂದ್ಯ, ಎರಡು ಗೋಲು

ಪ್ರಶ್ನೆ: ಫ್ರಾನ್ಸ್‌ನ ಲಿಲಿಯನ್ ತುರಾಂ ದೇಶದ ಪರವಾಗಿ 142 ಪಂದ್ಯ ಆಡಿ ಎರಡೇ ಗೋಲು ಹೊಡೆದರಂತೆ, ಅದೂ ಒಂದೇ ರಾತ್ರಿ. ನಿಜವೇ? ಗೋಲು ಹೊಡೆಯದ ಡಿಫೆಂಡರನ್ನು ಯಾವ ಲೆಕ್ಕದಲ್ಲಿ ದೊಡ್ಡ ಆಟಗಾರ ಅನ್ನುತ್ತಾರೆ? ಇಂಟರ್ ಮಿಲಾನ್‌ಗೆ ಆಡುವ ತುರಾಂ ಇವರ ಮಗನೇ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಪೂರ್ತಿ ನಿಜ. ಆ ರಾತ್ರಿ 1998ರ ಜುಲೈ 8. ಪ್ಯಾರಿಸ್ ಪಕ್ಕದ ಸ್ತಾದ್ ದ ಫ್ರಾನ್ಸ್ ಕ್ರೀಡಾಂಗಣದಲ್ಲಿ ವಿಶ್ವಕಪ್ ಸೆಮಿಫೈನಲ್, ಎದುರಿಗೆ ಕ್ರೊಯೇಷ್ಯಾ. ಎಲ್ಲರೂ ಆ ಎರಡು ಗೋಲುಗಳ ಕಥೆಯನ್ನೇ ಹೇಳುತ್ತಾರೆ. ಆದರೆ ಅದಕ್ಕೂ ಮೊದಲು ನಡೆದದ್ದನ್ನು ನೋಡಿದರೆ ನಿಮ್ಮ ಎರಡನೇ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ವಿರಾಮದ ನಂತರ ಆಟ ಶುರುವಾಗಿ ಒಂದು ನಿಮಿಷ ಆಗಿತ್ತೋ ಇಲ್ಲವೋ, ಕ್ರೊಯೇಷ್ಯಾದ ದಾವೋರ್ ಶೂಕರ್ ಫ್ರಾನ್ಸ್ ರಕ್ಷಣೆಯ ಬೆನ್ನಿಗೆ ನುಗ್ಗಿ ಗೋಲು ಹೊಡೆದರು. ಉಳಿದ ಡಿಫೆಂಡರುಗಳು ಮುಂದೆ ಸರಿದಿದ್ದರು, ಬಲಬದಿಯಲ್ಲಿದ್ದ ತುರಾಂ ಮಾತ್ರ ಹಿಂದೆ ಉಳಿದಿದ್ದರು. ಅವರು ಅಲ್ಲಿ ನಿಂತಿದ್ದಕ್ಕೇ ಶೂಕರ್ ಆಫ್‌ಸೈಡ್ ಆಗಲಿಲ್ಲ. ಡಿಫೆಂಡರನ ಬದುಕು ಇರುವುದೇ ಹೀಗೆ. ತೊಂಬತ್ತು ನಿಮಿಷದಲ್ಲಿ ಎಂಬತ್ತೊಂಬತ್ತು ನಿಮಿಷ ಸರಿಯಾದ ಜಾಗದಲ್ಲಿ ನಿಂತದ್ದು ಯಾರ ಕಣ್ಣಿಗೂ ಬೀಳುವುದಿಲ್ಲ, ಎರಡು ಹೆಜ್ಜೆ ತಪ್ಪಿದ್ದು ಫಲಕದ ಮೇಲೆ ಅಂಕಿಯಾಗಿ ನಿಲ್ಲುತ್ತದೆ.

ಆಟ ಮತ್ತೆ ಶುರುವಾದ ಕೂಡಲೇ ತುರಾಂ ತಮ್ಮ ಜಾಗ ಬಿಟ್ಟು ಕ್ರೊಯೇಷ್ಯಾದ ಪೆನಾಲ್ಟಿ ಆವರಣದ ಹತ್ತಿರಕ್ಕೇ ಹೋದರು. ಅಲ್ಲಿ ಎದುರಾಳಿ ನಾಯಕ ಬೋಬನ್ ಕಾಲಿನಿಂದ ಚೆಂಡು ಕಿತ್ತು, ಜೊತೆಯಾಟಗಾರ ಜೋರ್ಕಾಯೆಫ್‌ಗೆ ಕೊಟ್ಟು ಮರಳಿ ಪಡೆದು, ಬಲಗಾಲಿನಿಂದ ಬಲೆಗೆ ಹೊಡೆದರು. ಎಪ್ಪತ್ತನೇ ನಿಮಿಷದ ಸುಮಾರಿಗೆ ಕ್ರೊಯೇಷ್ಯಾದ ಯಾರ್ನಿ ಜೊತೆ ಸೆಣಸಿ ಇನ್ನೊಂದು ಚೆಂಡು ಗೆದ್ದರು, ಈ ಸಲ ಆವರಣದ ಅಂಚಿನಿಂದ ಎಡಗಾಲಿನ ಹೊಡೆತ. ಅವರು ಬಲಗಾಲಿನ ಆಟಗಾರ. ಗೋಲಾದ ಮೇಲೆ ಮೊಣಕಾಲೂರಿ, ತುಟಿಗೆ ಬೆರಳು ಒತ್ತಿ, ಯಾವುದೋ ಯೋಚನೆಯಲ್ಲಿ ಮುಳುಗಿದವರ ಹಾಗೆ ಕುಳಿತ ಅವರ ಚಿತ್ರ ಇವತ್ತಿಗೂ ಫ್ರಾನ್ಸ್‌ನಲ್ಲಿ ಮನೆಮಾತು. ನನಗೆ ಮಾತ್ರ ಆ ಚಿತ್ರಕ್ಕಿಂತ ಎರಡೂ ಗೋಲುಗಳು ಹುಟ್ಟಿದ ಬಗೆ ಮುಖ್ಯ ಅನ್ನಿಸುತ್ತದೆ. ಎರಡೂ ಹುಟ್ಟಿದ್ದು ಎದುರಾಳಿಯಿಂದ ಚೆಂಡು ಕಸಿಯುವುದರಿಂದ. ಅದು ಡಿಫೆಂಡರನ ದಿನನಿತ್ಯದ ಕೆಲಸವೇ. ಅವತ್ತು ಅದು ಮೈದಾನದ ಇನ್ನೊಂದು ತುದಿಯಲ್ಲಿ ನಡೆಯಿತು, ಅಷ್ಟೇ.

ಇನ್ನು ಲೆಕ್ಕದ ವಿಷಯ. ಆ ವಿಶ್ವಕಪ್‌ನ ಏಳು ಪಂದ್ಯಗಳಲ್ಲಿ ಫ್ರಾನ್ಸ್ ಬಿಟ್ಟುಕೊಟ್ಟದ್ದು ಒಟ್ಟು ಎರಡು ಗೋಲು. ಒಂದು ಡೆನ್ಮಾರ್ಕ್‌ನ ಪೆನಾಲ್ಟಿ, ಇನ್ನೊಂದು ಈ ಶೂಕರ್ ಗೋಲು. ಬಲಕ್ಕೆ ತುರಾಂ, ನಡುವೆ ಲೊರಾಂ ಬ್ಲಾಂ ಮತ್ತು ಮಾರ್ಸೆಲ್ ದೆಸಾಯಿ, ಎಡಕ್ಕೆ ಲಿಜಾರಾಜು: ಈ ನಾಲ್ವರೂ ಒಟ್ಟಿಗೆ ಆಡಿದ ಯಾವ ಪಂದ್ಯವನ್ನೂ ಫ್ರಾನ್ಸ್ ಸೋಲಲಿಲ್ಲ. ನಿಮ್ಮ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ನನ್ನ ಬಳಿ ಇಲ್ಲ. ಆ ವಿಶ್ವಕಪ್‌ನ ಶ್ರೇಷ್ಠ ಆಟಗಾರರ ಆಯ್ಕೆಯಲ್ಲಿ ರೊನಾಲ್ಡೊ ಮತ್ತು ಶೂಕರ್ ನಂತರ ಮೂರನೆಯ ಸ್ಥಾನ ಸಿಕ್ಕಿದ್ದು ತುರಾಂಗೆ.

ತಮಾಷೆಯೆಂದರೆ ರೈಟ್ ಬ್ಯಾಕ್ ಅವರಿಗೆ ಇಷ್ಟದ ಜಾಗವೇ ಆಗಿರಲಿಲ್ಲ. ಅವರಿಗೆ ಬೇಕಿದ್ದದ್ದು ನಡುವಿನ ಸ್ಥಾನ. ಬ್ಲಾಂ ಮತ್ತು ದೆಸಾಯಿ ಅಲ್ಲಿದ್ದುದರಿಂದ ತಂಡಕ್ಕಾಗಿ ವರ್ಷಗಟ್ಟಲೆ ಬಲಬದಿಯಲ್ಲಿ ಆಡಿದರು. 2000ದಲ್ಲಿ ಯುರೋ ಕಪ್ ಗೆದ್ದದ್ದೂ ಹಾಗೆಯೇ. ನಿಜವಾದ ತುರಾಂ ಅವರನ್ನು ನೋಡಬೇಕಾದರೆ ಇಟಲಿಯ ಪಾರ್ಮಾ ಕ್ಲಬ್‌ನ ಆಟ ನೋಡಬೇಕು ಎನ್ನುವವರಲ್ಲಿ ನಾನೂ ಒಬ್ಬ.

ಹುಟ್ಟಿದ್ದು 1972ರ ಜನವರಿ 1ರಂದು, ಕೆರಿಬಿಯನ್ ಸಮುದ್ರದ ಫ್ರೆಂಚ್ ದ್ವೀಪ ಗ್ವಾದಲೂಪ್‌ನಲ್ಲಿ. ತಾಯಿ ಒಬ್ಬಳೇ ದುಡಿದು ಐದು ಮಕ್ಕಳನ್ನು ಸಾಕಿದಳು. ಒಂಬತ್ತನೇ ವಯಸ್ಸಿಗೆ ಫ್ರಾನ್ಸ್‌ಗೆ ಬಂದರು. ಮೊನಾಕೊ ಕ್ಲಬ್‌ನಲ್ಲಿ ತರಬೇತುದಾರ ಆರ್ಸೆನ್ ವೆಂಗರ್ ಕೈಕೆಳಗೆ ಪಳಗಿದರು. 1994ರ ಆಗಸ್ಟ್ 17ರಂದು ಝೆಕ್ ಗಣರಾಜ್ಯದ ವಿರುದ್ಧ ಫ್ರಾನ್ಸ್ ಪರ ಮೊದಲ ಪಂದ್ಯ. ಜಿನೆದಿನ್ ಜಿದಾನ್ ಕೂಡ ಅದೇ ಪಂದ್ಯದಲ್ಲಿ ಮೊದಲ ಬಾರಿಗೆ ಕಣಕ್ಕಿಳಿದರು.

1996ರಲ್ಲಿ ಪಾರ್ಮಾ ಸೇರಿದರು. ಆಗ ಇಟಲಿಯ ಲೀಗ್ ಎಂದರೆ ಜಗತ್ತಿನ ಒಳ್ಳೊಳ್ಳೆಯ ಸ್ಟ್ರೈಕರುಗಳ ಸಂತೆ: ಬತಿಸ್ತೂತ, ರೊನಾಲ್ಡೊ, ದೆಲ್ ಪಿಯೆರೊ, ಜಾರ್ಜ್ ವೆಯಾ. ವಾರವಾರ ಇವರಂಥವರನ್ನು ಕಟ್ಟಿಹಾಕಬೇಕು. ಪಾರ್ಮಾ ಗೋಲಿನಲ್ಲಿ ಇನ್ನೂ ಮೀಸೆ ಬಲಿಯದ ಬುಫೋನ್, ಮುಂದೆ ಫಾಬಿಯೊ ಕನ್ನವಾರೊ ಮತ್ತು ತುರಾಂ. ಓಟದಲ್ಲಿ ಸ್ಟ್ರೈಕರಿಗೆ ಸಮ, ಮೈಬಲದಲ್ಲಿ ಒಂದು ಕೈ ಮೇಲು ಎನ್ನುವ ಡಿಫೆಂಡರುಗಳು ಆಗ ಅಪರೂಪ. ತುರಾಂ ಅಂಥವರು. 1999ರಲ್ಲಿ ಈ ತಂಡ ಇಟಲಿಯ ಕಪ್ ಗೆದ್ದಿತು, ಮಾಸ್ಕೋದಲ್ಲಿ ಮಾರ್ಸೇ ತಂಡವನ್ನು 3-0ಯಿಂದ ಸೋಲಿಸಿ ಯುಇಎಫ್‌ಎ ಕಪ್ ಕೂಡ ಎತ್ತಿತು. ಸಣ್ಣ ಊರಿನ ಕ್ಲಬ್ಬೊಂದು ಇಷ್ಟು ಮಾಡಿದ್ದನ್ನು ನೆನೆದರೆ ಈಗಲೂ ಖುಷಿಯಾಗುತ್ತದೆ.

2001ರಲ್ಲಿ ಜುವೆಂಟಸ್ ಕ್ಲಬ್ ಜಿದಾನ್ ಅವರನ್ನು ರಿಯಲ್ ಮ್ಯಾಡ್ರಿಡ್‌ಗೆ ಮಾರಿ, ಅದೇ ಬೇಸಿಗೆಯಲ್ಲಿ ಬುಫೋನ್ ಮತ್ತು ತುರಾಂ ಇಬ್ಬರನ್ನೂ ಕೊಂಡಿತು. 2002, 2003ರಲ್ಲಿ ಲೀಗ್ ಪ್ರಶಸ್ತಿ ಬಂತು. ಆಮೇಲೆ ಗೆದ್ದ ಎರಡು ಪ್ರಶಸ್ತಿಗಳು ರೆಫರಿ ನೇಮಕದ ಹಗರಣದಲ್ಲಿ ಕೈತಪ್ಪಿದವು. ಕ್ಲಬ್ ಕೆಳಗಿನ ದರ್ಜೆಗೆ ಇಳಿಯಿತು, ಅವರು ಬಾರ್ಸಿಲೋನಾಕ್ಕೆ ಹೋದರು.

ಅಷ್ಟರಲ್ಲಿ ದೇಶದ ತಂಡದಲ್ಲಿ ಇನ್ನೊಂದು ಅಧ್ಯಾಯ ನಡೆದಿತ್ತು. 2004ರಲ್ಲಿ ನಿವೃತ್ತಿ ಘೋಷಿಸಿದ್ದ ತುರಾಂ, ಮರುವರ್ಷ ಜಿದಾನ್, ಮಕೆಲೆಲೆ ಜೊತೆ ಮರಳಿದರು. 2006ರ ವಿಶ್ವಕಪ್‌ನಲ್ಲಿ ಕೊನೆಗೂ ನಡುವಿನ ಸ್ಥಾನ ಅವರದಾಯಿತು. ಪೋರ್ಚುಗಲ್ ವಿರುದ್ಧದ ಸೆಮಿಫೈನಲ್‌ನಲ್ಲಿ 34ರ ಹರೆಯದ ಅವರೇ ಪಂದ್ಯಶ್ರೇಷ್ಠ. ಗೋಲು ಹೊಡೆದು ಪಡೆದ ಗೌರವವಲ್ಲ ಅದು, ತಡೆದು ಪಡೆದದ್ದು. 1998ರ ಆಟಕ್ಕಿಂತ ಇದನ್ನೇ ನಾನು ಮೇಲೆ ಇಡುತ್ತೇನೆ. ಫೈನಲ್ ಮಾತ್ರ ಇಟಲಿಗೆ ಪೆನಾಲ್ಟಿಯಲ್ಲಿ ಹೋಯಿತು. 142 ಪಂದ್ಯಗಳ ಅವರ ದಾಖಲೆಯನ್ನು 2022ರಲ್ಲಿ ಗೋಲ್‌ಕೀಪರ್ ಯುಗೊ ಲೊರಿಸ್ ದಾಟಿದರು.

2008ರಲ್ಲಿ ಪ್ಯಾರಿಸ್ ಸೇಂಟ್ ಜರ್ಮೇನ್ ಸೇರುವುದಕ್ಕೆ ಮೊದಲು ನಡೆದ ವೈದ್ಯಕೀಯ ಪರೀಕ್ಷೆಯಲ್ಲಿ ಹೃದಯದ ದೋಷ ಕಂಡುಬಂತು. ಆಟ ಅಲ್ಲಿಗೆ ನಿಂತಿತು. ಅದೇ ವರ್ಷ ವರ್ಣಭೇದದ ವಿರುದ್ಧ ಮಕ್ಕಳಿಗೆ ತಿಳಿವಳಿಕೆ ಕೊಡುವ ಪ್ರತಿಷ್ಠಾನ ಕಟ್ಟಿದರು. ಕಪ್ಪು ಜನರ ಸಾಧಕರನ್ನು ಕುರಿತು ಪುಸ್ತಕ ಬರೆದರು. ಆಟ ಆಡುತ್ತಿದ್ದಾಗಲೇ ಅವರು ಈ ವಿಷಯದಲ್ಲಿ ಬಾಯಿ ಮುಚ್ಚಿಕೊಂಡವರಲ್ಲ. 2005ರಲ್ಲಿ ಉಪನಗರಗಳ ಹುಡುಗರನ್ನು ಹೀನಾಯವಾಗಿ ಕರೆದ ಆಗಿನ ಗೃಹಮಂತ್ರಿ ಸರ್ಕೋಜಿ ಅವರನ್ನು, ತಾನೂ ಅಂಥ ಉಪನಗರದಲ್ಲೇ ಬೆಳೆದವನೆಂದು ನೆನಪಿಸಿ, ಬಹಿರಂಗವಾಗಿ ಟೀಕಿಸಿದ್ದರು.

ಹೌದು, ಇಂಟರ್‌ನ ಮಾರ್ಕುಸ್ ಇವರ ಹಿರಿಯ ಮಗ. ಹುಟ್ಟಿದ್ದು ಪಾರ್ಮಾದಲ್ಲೇ, 1997ರಲ್ಲಿ. ಕಪ್ಪು ಜನರ ನಾಯಕ ಮಾರ್ಕಸ್ ಗಾರ್ವಿ ನೆನಪಿಗೆ ಇಟ್ಟ ಹೆಸರು. ಕಿರಿಯವ ಕೆಫ್ರೆನ್ ಮಿಡ್‌ಫೀಲ್ಡರ್, 2024ರಲ್ಲಿ ತಂದೆಯ ಹಳೆಯ ಕ್ಲಬ್ ಜುವೆಂಟಸ್ ಸೇರಿದ. ಮಾರ್ಕುಸ್ ಮಾತ್ರ ಸ್ಟ್ರೈಕರ್, ಅಪ್ಪ ಹದಿನೆಂಟು ವರ್ಷ ತಡೆಯುತ್ತಿದ್ದವರ ಪೈಕಿಯವನು.