ಜಾವಾ ಪ್ರೋಗ್ರಾಂ ಏದುಸಿರು ಬಿಡುತ್ತಿದೆಯೇ? ಸ್ಟ್ಯಾಟಿಕ್ ಪಟ್ಟಿ ನೋಡಿ

ಶಿಕಾರಿಪುರ, ಸೊರಬ ಕಡೆಯ ಬಿಸಿಎ ಮಕ್ಕಳ ಪ್ರಾಜೆಕ್ಟ್ ಎಂದರೆ ಅಡಿಕೆ ಮಂಡಿ ಲೆಕ್ಕದ ಪ್ರೋಗ್ರಾಂ ಒಂದು ಇದ್ದದ್ದೇ. ಬೆಳಿಗ್ಗೆ ಚುರುಕಾಗಿ ಓಡುತ್ತದೆ, ಮಧ್ಯಾಹ್ನಕ್ಕೆ ತೆವಳುತ್ತದೆ, ಸಂಜೆಯೊಳಗೆ ‘ಔಟ್ ಆಫ್ ಮೆಮೊರಿ’ ಎಂದು ಕೂರುತ್ತದೆ. ಆಗ ಕೋಡ್‌ನಲ್ಲಿ ಅಲ್ಲಲ್ಲಿ ‘ಸಿಸ್ಟಂ.ಜಿಸಿ’ ತುರುಕುತ್ತಾರೆ, ಇಲ್ಲವೇ ರ‍್ಯಾಮ್ ಹಾಕಿಸುತ್ತಾರೆ. ಮೊದಲನೆಯದು ಬರೀ ಕೋರಿಕೆ, ಪ್ರೋಗ್ರಾಂ ಓಡಿಸುವ ಜೆವಿಎಂ ಅದನ್ನು ನಡೆಸಿಕೊಡಲೇಬೇಕೆಂದಿಲ್ಲ. ಎರಡನೆಯದರಿಂದ ಪ್ರೋಗ್ರಾಂ ನಿಲ್ಲುವುದು ತುಸು ತಡವಾಗುತ್ತದೆ, ಅಷ್ಟೆ.

ಬೇಡದ ಮೆಮೊರಿಯನ್ನು ತಾನೇ ಬಿಡಿಸಿಕೊಳ್ಳುವ ಈ ಜಿಸಿ, ಅಂದರೆ ಗಾರ್ಬೇಜ್ ಕಲೆಕ್ಷನ್, 1959ರ ಸುಮಾರಿಗೆ ಜಾನ್ ಮೆಕಾರ್ಥಿ ಲಿಸ್ಪ್ ಭಾಷೆಗೆಂದು ರೂಪಿಸಿದ್ದು. ನಿಯಮ ಸರಳ: ಯಾವ ಆಬ್ಜೆಕ್ಟನ್ನು ಓಡುತ್ತಿರುವ ಕೋಡ್‌ನಿಂದ ತಲುಪಲು ಆಗದೋ ಅದಷ್ಟೇ ಕಸ. ನಿಮಗೆ ಬೇಡವಾದದ್ದೆಲ್ಲ ಅದರ ಲೆಕ್ಕದಲ್ಲಿ ಕಸವಲ್ಲ.

ಮೊದಲು ‘ಎಕ್ಸ್‌ಲಾಗ್:ಜಿಸಿ’ ಆಯ್ಕೆ ಕೊಟ್ಟು ಪ್ರೋಗ್ರಾಂ ಓಡಿಸಿ (ಜಾವಾ 9ರಿಂದೀಚೆಗೆ ಇದೆ). ಮೆಮೊರಿ ಏರಿ ಇಳಿಯುತ್ತಿದ್ದರೆ ಚಿಂತೆಯಿಲ್ಲ. ಫುಲ್ ಜಿಸಿ ಆದಮೇಲೂ ಉಳಿಕೆ ಪ್ರತಿ ಸಲ ಹೆಚ್ಚುತ್ತಿದ್ದರೆ ಸೋರಿಕೆ ಇದೆ. ಆಗ ಜಾವಾದ ಜೊತೆಗೇ ಬರುವ ಜೆಸಿಎಂಡಿಯಿಂದ ಕ್ಲಾಸ್ ಹಿಸ್ಟೋಗ್ರಾಂ (ಯಾವ ಕ್ಲಾಸ್‌ನ ಆಬ್ಜೆಕ್ಟ್ ಎಷ್ಟಿವೆ ಎಂಬ ಪಟ್ಟಿ) ತೆಗೆಯಿರಿ, ಅರ್ಧ ಗಂಟೆ ಬಿಟ್ಟು ಇನ್ನೊಮ್ಮೆ. ಮೇಲಿನ ಸಾಲುಗಳಲ್ಲಿ ಬೈಟ್ ಅರೇ, ಸ್ಟ್ರಿಂಗ್‌ಗಳು ಇದ್ದೇ ಇರುತ್ತವೆ. ನೀವು ಬರೆದ ಕ್ಲಾಸ್‌ಗಳಲ್ಲಿ ಬೆಳೆದದ್ದು ಯಾವುದು, ಅದನ್ನು ಹಿಡಿಯಿರಿ.

ಬಹುಪಾಲು ಅದು ‘ಬಿಲ್’ ಆಗಿರುತ್ತದೆ. ರಾಶಿ, ಬೆಟ್ಟೆ, ಗೊರಬಲು, ಸರಕು ಎಂದು ಲಾಟ್‌ಗೊಂದು ಬಿಲ್ ಮಾಡಿ, ‘ಆಮೇಲೆ ಬೇಕಾದೀತು’ ಎಂದು ಸ್ಟ್ಯಾಟಿಕ್ ಲಿಸ್ಟ್‌ಗೆ ಸೇರಿಸಿರುತ್ತಾರೆ. ಸೇರಿಸುವ ಸಾಲು ಇರುತ್ತದೆ, ತೆಗೆಯುವ ಸಾಲು ಎಲ್ಲೂ ಇರುವುದಿಲ್ಲ. ಹಾಗಾಗಿ ಬಿಲ್‌ಗಳು ಕೋಡ್‌ನಿಂದ ತಲುಪುವಂತೆಯೇ ಉಳಿಯುತ್ತವೆ, ಕಸವಾಗುವುದಿಲ್ಲ. ಬಿಲ್ ರೈತನನ್ನು ಹಿಡಿದಿರುತ್ತದೆ, ರೈತ ತನ್ನ ಫೋಟೊವನ್ನು, ಹಳೆಯ ಬಿಲ್‌ಗಳನ್ನು. ಒಂದು ಉಳಿದರೆ ಅಷ್ಟೂ ಉಳಿಯುತ್ತವೆ. ಡೇಟಾಬೇಸ್‌ನಲ್ಲಿ ಬರೆದಿಟ್ಟದ್ದಕ್ಕೆ ಮೆಮೊರಿಯಲ್ಲಿ ಇನ್ನೊಂದು ಪ್ರತಿ ಯಾಕೆ? ಆ ಲಿಸ್ಟ್ ಅಳಿಸಿಹಾಕಿ. ಇರಲೇಬೇಕೆಂದರೆ ಲಿಂಕ್ಡ್‌ಹ್ಯಾಶ್‌ಮ್ಯಾಪ್ ಬಳಸಿ, ‘ರಿಮೂವ್ ಎಲ್ಡೆಸ್ಟ್ ಎಂಟ್ರಿ’ ಬರೆದು 200ಕ್ಕೆ ಮಿತಿ ಹಾಕಿ. ಮ್ಯಾಪ್‌ನ ಕೀ ‘ರೈತ’ ಆಬ್ಜೆಕ್ಟ್ ಆಗಿದ್ದರೆ ಈಕ್ವಲ್ಸ್, ಹ್ಯಾಶ್‌ಕೋಡ್ ಎರಡನ್ನೂ ಬರೆಯಿರಿ. ಇಲ್ಲದಿದ್ದರೆ ಅದೇ ರೈತನಿಗೆ ಹೊಸ ಆಬ್ಜೆಕ್ಟ್ ಮಾಡಿದಾಗಲೆಲ್ಲ ಮತ್ತೊಂದು ಎಂಟ್ರಿ ಸೇರುತ್ತದೆ. ಗೈಡ್‌ಗಳು ಇದನ್ನು ವೈವಾದಲ್ಲಿ ಕೇಳುವುದೇ ಇಲ್ಲ, ಅದೇ ಬೇಸರ.

ಉಳಿದದ್ದು ಚುಟುಕಾಗಿ: ಡೇಟಾಬೇಸ್ ಕನೆಕ್ಷನ್, ಫೈಲ್‌ಗಳನ್ನು ‘ಟ್ರೈ ವಿತ್ ರಿಸೋರ್ಸಸ್’ನಲ್ಲೇ ತೆರೆಯಿರಿ. ಫೈನಲೈಸ್ ನಂಬಬೇಡಿ, 2017ರ ಜಾವಾ 9ರಲ್ಲೇ ಅದನ್ನು ಬಳಸಬಾರದೆಂದು ಗುರುತಿಸಿದ್ದಾರೆ. ಹೀಪ್ (ಆಬ್ಜೆಕ್ಟ್‌ಗಳಿರುವ ಮೆಮೊರಿ) ಮಿತಿಗೆ ಕೈಹಾಕುವುದು ಕಟ್ಟಕಡೆಗೆ; ಏನೂ ಹೇಳದಿದ್ದರೆ ಜೆವಿಎಂ ಸಾಮಾನ್ಯವಾಗಿ ರ‍್ಯಾಮ್‌ನ ಕಾಲುಭಾಗಕ್ಕೆ ನಿಲ್ಲುತ್ತದೆ, 4 ಜಿಬಿಯ ಕಂಪ್ಯೂಟರ್‌ನಲ್ಲಿ 1 ಜಿಬಿ. ಒಂದು ಮಂಡಿಯ ಲೆಕ್ಕಕ್ಕೆ ಅದು ಧಾರಾಳ.